ಬದಿಯಡ್ಕ ಪೇಟೆಯಲ್ಲಿ ನನ್ನ ಉಡುಗೊರೆ ಅಂಗಡಿ

ಬೆಳಗ್ಗೆ ಎಂಟೂವರೆ. ಈ ವಿಡಿಯೋದಲ್ಲಿ ಈಗ ಕೇಳಿಸಿದ್ದು ನನ್ನ ಅಂಗಡಿಯ ಶಟರ್ ಸದ್ದು. ಮೊದಲು ಇಲ್ಲಿ ಹಿಂಡಿ, ಹೊಟ್ಟು ಮಾರುತ್ತಿದ್ದರು. ಮೂರು ಸಲ ಸುಣ್ಣ ಬಳಿದ ಮೇಲೂ ಆ ಮೂಲೆಗೆ ಹೋದರೆ ನೆಲಗಡಲೆ ಹಿಂಡಿಯ ವಾಸನೆ ಬರುತ್ತದೆ. ನನಗದು ಇಷ್ಟ. ನಮ್ಮ ಮನೆಯ ದನದ ಹಟ್ಟಿಯ ವಾಸನೆಯೂ ಅದೇ.

ಏಪ್ರಿಲಿನಲ್ಲಿ, ನಮ್ಮ ಹೊಸವರ್ಷವಾದ ಬಿಸುವಿನ ಮರುದಿನ ಅಂಗಡಿ ತೆರೆದೆ. ಈಗ ಆಟಿ ತಿಂಗಳು, ಅಂದರೆ ಜುಲೈ-ಆಗಸ್ಟಿನ ಮಳೆಯ ಹೊತ್ತು. ಹೊರಗೆ ಮಳೆ ನಿಂತಿಲ್ಲ, ನೀವು ನೋಡುತ್ತಿದ್ದೀರಿ.

ಹೊರಗಿನ ಫಲಕದಲ್ಲಿ ಕನ್ನಡವೂ ಇದೆ, ಮಲಯಾಳವೂ ಇದೆ. 1956ರ ನವೆಂಬರ್ 1ರಂದು ಕಾಸರಗೋಡಿನ ಜೊತೆ ನಮ್ಮ ಊರು ಕೇರಳಕ್ಕೆ ಸೇರಿತು. ಅದಕ್ಕೂ ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಎರಡು, ಗದ್ದೆಯಲ್ಲಿ ತುಳು. ಪಂಚಾಯತಿನ ಪರವಾನಿಗೆ ಅರ್ಜಿಯನ್ನು ಮಲಯಾಳದಲ್ಲಿ ತುಂಬುವಾಗ ಪಕ್ಕದ ಟೈಲರ್ ಅಂಗಡಿಯ ಇಕ್ಕಾ (ಮಲಯಾಳದಲ್ಲಿ ಅಣ್ಣ) ನನ್ನ ಜೊತೆ ಕುಳಿತು ಸಾಲು ಸಾಲಾಗಿ ಓದಿ ಹೇಳಿದರು. ಅವರ ಅಂಗಡಿಯ ಕನ್ನಡ ಫಲಕವನ್ನು ಬರೆದುಕೊಟ್ಟವಳು ನಾನು.

ಅಂಗಡಿ ಇಡುವ ಯೋಚನೆ ಹುಟ್ಟಿದ್ದು ಅಣ್ಣನ ಮನೆ ಒಕ್ಕಲಿನ, ಅಂದರೆ ಗೃಹಪ್ರವೇಶದ ದಿನ. ರಾತ್ರಿ ಉಡುಗೊರೆಗಳನ್ನು ಬಿಚ್ಚಿದರೆ ಒಳಗಿನಿಂದ ಐದು ಗೋಡೆ ಗಡಿಯಾರಗಳು ಬಂದವು. ಎರಡಂತೂ ಒಂದೇ ಅಚ್ಚಿನವು. ಕೊಟ್ಟವರೆಲ್ಲ ಪ್ರೀತಿಯಿಂದಲೇ ಕೊಟ್ಟದ್ದು. ಪೇಟೆಯಲ್ಲಿ ಬೇರೇನು ಸಿಗುತ್ತಿತ್ತು ಅವರಿಗೆ? ಆದರೆ ಬೆಳಗ್ಗೆ ಪೂಜೆಗೆ ಹಾಸಿದ್ದ ಮುಂಡೇವಿನ ಎಲೆಯ ಚಾಪೆ ಜಗಲಿಯಲ್ಲಿ ಇನ್ನೂ ಹಾಗೆಯೇ ಇತ್ತು. ಕಾಲಿಟ್ಟರೆ ತಣ್ಣಗೆ, ಕೈಯಾಡಿಸಿದರೆ ರೇಷ್ಮೆ. ಹೆಣೆದವರು ಯಾರೆಂದು ಅತ್ತಿಗೆಯನ್ನು ಕೇಳಿದೆ. ಗುಡ್ಡೆಯ ಆಚೆ ಬದಿಯ ಒಬ್ಬ ಅಕ್ಕ. ಅವರು ಆ ದಿನ ನಮ್ಮಲ್ಲಿಗೇ ಊಟಕ್ಕೆ ಬಂದಿದ್ದರು. ಚಾಪೆ ಚೆನ್ನಾಗಿದೆ ಎಂದು ಅವರಿಗೆ ಒಬ್ಬರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಆದ್ದರಿಂದ ಈ ಅಂಗಡಿಗೆ ಒಂದೇ ಅಳತೆ ಇಟ್ಟುಕೊಂಡೆ. ಬೆಳಗ್ಗೆ ಬಸ್ಸು ಹತ್ತಿ, ಮಾಡಿದವರ ಮನೆಗೆ ಹೋಗಿ, ಮಧ್ಯಾಹ್ನದ ಊಟಕ್ಕೆ ಹಿಂದಿರುಗುವಷ್ಟು ದೂರದಲ್ಲಿ ಆದ ವಸ್ತು ಮಾತ್ರ ಇಲ್ಲಿರಬೇಕು. ನೀರ್ಚಾಲು, ಕುಂಬಳೆ, ಪೆರ್ಲ, ಮುಳ್ಳೇರಿಯ, ಆದೂರು, ಇತ್ತ ವಿದ್ಯಾನಗರ.

ಬನ್ನಿ, ಮುಂಡೇವಿನ ಕೆಲಸ ತೋರಿಸುತ್ತೇನೆ. ಇದು ಬೇಸಗೆಯಲ್ಲಿ ಆ ಅಕ್ಕನ ಅಂಗಳದಲ್ಲಿ ತೆಗೆದ ದೃಶ್ಯ. ಮುಂಡೇವು ಎಂದರೆ ಕೇದಗೆಯ ಜಾತಿ. ಅಷ್ಟಮಿಗೆ ಮೂಡೆ, ಅಂದರೆ ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಕಡುಬು, ಕಟ್ಟುವುದು ಇದರ ಎಲೆಯಲ್ಲೇ. ಎಲೆಯ ಎರಡೂ ಅಂಚಿನಲ್ಲಿ ಮುಳ್ಳು, ಬೆನ್ನ ನಡುವಿನ ನರದ ಉದ್ದಕ್ಕೂ ಮುಳ್ಳು. ಅಕ್ಕನ ಕೈ ನೋಡಿ. ಕತ್ತಿಯ ತುದಿಯನ್ನು ಬುಡದಲ್ಲಿ ಊರಿ ಒಮ್ಮೆ ಎಳೆದರೆ ಮುಳ್ಳಿನ ಸಾಲು ನೂಲಿನಂತೆ ಕಳಚಿ ಬರುತ್ತದೆ. ನಾನು ಎಳೆದಾಗ ಅರ್ಧದಲ್ಲೇ ತುಂಡಾಯಿತು, ಹೆಬ್ಬೆರಳಲ್ಲಿ ರಕ್ತ ಬಂತು. ಆಮೇಲೆ ಎಲೆಯನ್ನು ಚಕ್ರದಂತೆ ಸುತ್ತಿ ಬೇಯಿಸಬೇಕು, ನೀರಿನಲ್ಲಿ ನೆನೆಹಾಕಬೇಕು, ಬಿಸಿಲಿಗೆ ಒಣಗಿಸಬೇಕು. ಹಸಿರು ಹೋಗಿ ಬೆಳ್ಳಗಾದ ಮೇಲೆ ಸಮ ಅಗಲದ ಪಟ್ಟಿಗಳಾಗಿ ಸೀಳಬೇಕು. ಹೆಣಿಗೆ ಶುರುವಾಗುವುದು ಇಷ್ಟೆಲ್ಲ ಆದ ಮೇಲೆ. ಅಕ್ಕ ಮೂಲೆಯಿಂದ ಹಿಡಿದು ಓರೆಯಾಗಿ ಹೆಣೆಯುತ್ತಾ ಹೋಗುತ್ತಾರೆ, ಎಣಿಸುವುದೇ ಇಲ್ಲ. ಬೆರಳಿಗೇ ಲೆಕ್ಕ ಗೊತ್ತಿದೆ.

ಅಂಗಡಿ ನಡೆಸುವುದನ್ನು ನನಗೆ ಕಲಿಸಿದವರೂ ಇವರೇ. ಮೊದಲ ಸಲ ಹೋದಾಗ, ಚಾಪೆ ಮಾರಿಹೋದ ಮೇಲೆ ಹಣ ತಲುಪಿಸುತ್ತೇನೆ ಎಂದಿದ್ದೆ. ಎಷ್ಟೋ ಅಂಗಡಿಗಳಲ್ಲಿ ಹಾಗೆಯೇ ನಡೆಯುತ್ತದೆ, ನನ್ನ ಬಂಡವಾಳವೂ ಸಣ್ಣದು. ಅಕ್ಕ ಕೆಲಸ ನಿಲ್ಲಿಸದೆ, "ಅದು ಆಗುವುದಿಲ್ಲ ಮಗಳೇ. ಎಲೆ ಕೊಯ್ದು ಹೊತ್ತುತಂದವನಿಗೆ ನಾನು ಇವತ್ತೇ ಕೊಡಬೇಕು" ಎಂದರು. ಮನೆಗೆ ಬಂದು ಆ ರಾತ್ರಿ ಲೆಕ್ಕವನ್ನೆಲ್ಲ ಮತ್ತೆ ಹಾಕಿದೆ. ನಲವತ್ತು ಬಗೆಯ ವಸ್ತು ಇಡಬೇಕೆಂದಿದ್ದೆ, ಹನ್ನೊಂದಕ್ಕೆ ಇಳಿಸಿದೆ. ಹನ್ನೊಂದನ್ನೂ ರೊಕ್ಕ ಕೊಟ್ಟೇ ತಂದಿದ್ದೇನೆ. ಕಪಾಟುಗಳು ಅರ್ಧ ಖಾಲಿ ಕಾಣುತ್ತವೆ, ಇರಲಿ. ಮಾರಾಟವಾಗದಿದ್ದರೆ ನಷ್ಟ ಅಂಗಡಿ ಇಟ್ಟವಳದ್ದು. ಹೆಣೆದವರು ತಮ್ಮ ಪಾಲಿನ ಕೆಲಸವನ್ನು ಮಾಡಿ ಮುಗಿಸಿಯಾಗಿದೆ.

ಈ ಪುಟ್ಟ ಕಿರೀಟವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅಂಗೈಯಷ್ಟೇ ಇದೆ. ಹಗುರ ಮರ, ಮೇಲೆ ಬೇಗಡೆ, ನಡುನಡುವೆ ಕನ್ನಡಿಯ ಚೂರು. ಮಾಡಿದವರು ಯಕ್ಷಗಾನ ಮೇಳದ ವೇಷಭೂಷಣದ ಕೆಲಸದವರು. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ನಮ್ಮದು, ಯಕ್ಷಗಾನದ ಆಟವಿಲ್ಲದೆ ನಮಗೆ ವರ್ಷ ಸಾಗುವುದಿಲ್ಲ. ಆದರೆ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದರೆ ಮೇಳಗಳು ಮತ್ತೆ ಹೊರಡುವುದು ಮಳೆಗಾಲ ಕಳೆದ ಮೇಲೆಯೇ. ಈ ತಿಂಗಳುಗಳಲ್ಲಿ ಅವರ ಕೈಗೆ ಕೆಲಸವೂ ಕಡಿಮೆ, ಹಣವೂ ಕಡಿಮೆ. ಆದ್ದರಿಂದ ಕಿರೀಟಗಳನ್ನು ಆಟಿಯಲ್ಲೇ ಕೊಳ್ಳುತ್ತೇನೆ, ಮಾರುವುದು ದೀಪಾವಳಿಗೆ ಆದರೂ ಸರಿ.

ಆಚೆ ಇರುವುದು ಕಾಸರಗೋಡು ಸೀರೆ. ವಿದ್ಯಾನಗರದ ನೇಕಾರರ ಸಹಕಾರಿ ಸಂಘದ ಮಗ್ಗದಲ್ಲಿ ನೇಯ್ದ ಹತ್ತಿ ಸೀರೆ. ಈ ಊರಿನದ್ದೇ ಎಂದು ಗುರುತಿಸುವ ಭೌಗೋಳಿಕ ಸೂಚ್ಯಂಕದ (ಜಿಐ) ಮಾನ್ಯತೆ ಪಡೆದದ್ದು. ಎರಡೇ ಇಟ್ಟಿದ್ದೇನೆ. ಕೊಳ್ಳುವವರಿಗೆ ನಾನೇ ಅಲ್ಲಿಗೆ ಹೋಗುವ ದಾರಿ ಹೇಳುತ್ತೇನೆ, ಮಗ್ಗದ ಸದ್ದು ಕೇಳಿ ಆರಿಸಿಕೊಳ್ಳಲಿ ಎಂದು.

ಕೆಳಗಿನ ಸಾಲಿನಲ್ಲಿ ಅಡಿಕೆ ಹಾಳೆಯ ಟೊಪ್ಪಿ, ಮತ್ತೆ ಕೊರಗ ಸಮುದಾಯದವರು ಕಾಡುಬಳ್ಳಿಯಲ್ಲಿ ಹೆಣೆದ ಬುಟ್ಟಿ. ಬುಟ್ಟಿಗೆ ಚೌಕಾಸಿ ಬೇಡ ಎಂದು ಇಲ್ಲೇ ಬರೆದು ಅಂಟಿಸಿದ್ದೇನೆ. ಗುಡ್ಡೆಗಳೆಲ್ಲ ರಬ್ಬರ್ ತೋಟಗಳಾಗುತ್ತಿರುವಾಗ ಬಳ್ಳಿ ಹುಡುಕಲು ಅವರು ಮೊದಲಿಗಿಂತ ಎಷ್ಟೋ ಹೆಚ್ಚು ನಡೆಯಬೇಕಾಗಿದೆ. ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ, ಅಂಚು ಎಲ್ಲಿ ಮುಗಿಯಿತು ಎಂಬುದು ಕಾಣಿಸುವುದೇ ಇಲ್ಲ.

ಮಳೆಗಾಲ ನಮ್ಮನ್ನು ಚೆನ್ನಾಗಿಯೇ ಪರೀಕ್ಷಿಸಿತು. ಜೂನ್ ಮೂರನೆಯ ವಾರ ಒಂದು ಬೆಳಗ್ಗೆ ನಾಲ್ಕು ಚಾಪೆಗಳ ಮೇಲೆ ಬೂಸ್ಟು. ಹಾಳೆ ಟೊಪ್ಪಿಗಳ ಒಳಗೂ ಕಪ್ಪು ಚುಕ್ಕೆ. ಅಳು ಬಂತು. ಅಜ್ಜಿಯ ಮನೆಯಲ್ಲಿ ಚಾಪೆಗಳನ್ನು ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು, ಒಲೆಯ ಹೊಗೆ ತಾಗಿ ಬೂಸ್ಟು ಹತ್ತಿರ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಒಲೆ ಎಲ್ಲಿಂದ? ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು ಮುಂದೆ ಸರಿಸಿದೆ, ಹಲಗೆ ತೆಗೆದು ಅಡಿಕೆ ಮರದ ಸೀಳುಪಟ್ಟಿ ಹೊಡೆಸಿದೆ, ಗಾಳಿಯಾಡುವ ಹಾಗೆ. ಬಿಸಿಲು ಇಣುಕಿದರೆ ಸಾಕು, ಇಕ್ಕಾ ಪಕ್ಕದಿಂದ ಕೂಗಿ ಹೇಳುತ್ತಾರೆ. ಇಬ್ಬರೂ ಸೇರಿ ಎಲ್ಲವನ್ನೂ ಹೊರಗೆ ಹರಡುತ್ತೇವೆ.

ಕಳೆದ ವಾರ ಒಬ್ಬ ಹುಡುಗ ಬಂದಿದ್ದ, ಶಾರ್ಜಾಕ್ಕೆ ಹೊರಟವನು. ಕೋಣೆಯಲ್ಲಿ ಆರು ಜನ, ನೆಲದ ಮೇಲೆ ಹಾಸಿಕೊಳ್ಳಲು ಏನಾದರೂ ಬೇಕು ಎಂದ. ಚಾಪೆಯನ್ನು ಬಿಡಿಸಿ, ಮೂಸಿ ನೋಡಿ, "ನನ್ನ ಉಮ್ಮಾನ ಮನೆಯ ಪಾಯ" ಎಂದ. ಅಮ್ಮನ ಮನೆಯ ಚಾಪೆ ಎಂದು. ಸೂಟ್‌ಕೇಸಿನ ಉದ್ದ ಅಳೆದು ಚಾಪೆಯನ್ನು ಸುತ್ತಿ ಕಟ್ಟಿಕೊಟ್ಟೆ.

ಈ ಬೆಲೆಚೀಟಿ ನೋಡಿ. ಒಂದು ಬದಿಯಲ್ಲಿ ಬೆಲೆ, ಇನ್ನೊಂದು ಬದಿಯಲ್ಲಿ ಎರಡು ಲಿಪಿಯಲ್ಲಿ ಮಾಡಿದವರ ಹೆಸರು. ಎಲ್ಲರ ಒಪ್ಪಿಗೆ ಕೇಳಿಯೇ ಬರೆದದ್ದು. ವಿಡಿಯೋದಲ್ಲಿ ಮಾತ್ರ ಬೇಡ ಎಂದಿದ್ದಾರೆ, ಅದಕ್ಕೇ ಬೆರಳು ಅಡ್ಡ ಹಿಡಿದಿದ್ದೇನೆ. ನಿನ್ನೆ ಚಾಪೆಯ ಅಕ್ಕ ಮೊದಲ ಸಲ ಅಂಗಡಿಗೆ ಬಂದರು. ಒದ್ದೆ ಕೊಡೆಯನ್ನು ಹೊರಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಚೀಟಿಯನ್ನು ತಿರುಗಿಸಿ ಓದಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೆಸರೊಂದೇ ಬರೆದರೆ ಯಾರೆಂದು ಹೇಗೆ ತಿಳಿಯಬೇಕು? ಮನೆಯ ಹೆಸರು ಹಾಕಬೇಕು" ಎಂದರು.

ಇವತ್ತು ಮಳೆಗೆ ಗಿರಾಕಿಗಳು ಕಡಿಮೆ. ಕತ್ತರಿ, ರಟ್ಟು, ಎರಡು ಬಣ್ಣದ ಪೆನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಎಲ್ಲ ಚೀಟಿಗಳನ್ನೂ ಹೊಸದಾಗಿ ಬರೆಯುತ್ತಿದ್ದೇನೆ.