ಒಂಟಿ ಮನೆಗಳ ಸಭೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಬೇರೆ ಧರ್ಮದ ಗೆಳೆಯರು, ಅಕ್ಕಪಕ್ಕದ ಮನೆಯವರೂ ಈ ವಿಡಿಯೊ ನೋಡುತ್ತೀರಿ, ನಿಮಗೂ ನಮಸ್ಕಾರ. ಕೂತು ಕೇಳಿ, ಸ್ವಲ್ಪ ಉದ್ದ ಮಾತಿದೆ.

ಮನೆ ಭೇಟಿ ಬಗ್ಗೆ ಮಾತಾಡಬೇಕು. ನಮ್ಮ ಸಭೆಗಳಲ್ಲಿ, ಅಂದರೆ ಒಂದೊಂದು ಚರ್ಚ್‌ಗೆ ಸೇರಿದ ವಿಶ್ವಾಸಿಗಳ ಕೂಟಗಳಲ್ಲಿ, ಈ ಕೆಲಸ ಕಡಿಮೆಯಾಗುತ್ತಿದೆ. ಆರಾಧನೆ ಚೆನ್ನಾಗಿ ನಡೆಯುತ್ತದೆ, ಹೊಸ ಸೌಂಡ್ ಬಾಕ್ಸ್ ಬಂದಿದೆ, ಕೀಬೋರ್ಡ್ ಇದೆ, ಹಾಡಿನ ಸಾಲುಗಳು ಪರದೆ ಮೇಲೆ ಬರುತ್ತವೆ. ಆದರೆ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಅಜ್ಜಿ ಮಳೆಗಾಲ ಶುರುವಾದಾಗಿನಿಂದ ಬಂದಿಲ್ಲ, ಯಾಕೆ ಬಂದಿಲ್ಲ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಇದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದೇ ಇಲ್ಲ. ನಮ್ಮಂಥ ಸಣ್ಣ ಊರಿನಲ್ಲಿ ಸಭೆ ಬದುಕಿದೆಯೋ ಇಲ್ಲವೋ ಅಂತ ನೋಡಬೇಕಾದರೆ ಆ ಅಜ್ಜಿಯ ಮನೆಯಲ್ಲೇ ನೋಡಬೇಕು.

ಮಲೆನಾಡಿನಲ್ಲಿ ಇದು ಜಾಸ್ತಿ ಮುಖ್ಯ. ಯಾಕೆ ಹೇಳುತ್ತೇನೆ. ಬಯಲುಸೀಮೆಯಲ್ಲಿ ಊರು ಅಂದರೆ ಒಂದೇ ಕಡೆ ಇರುತ್ತದೆ. ಗೋಡೆಗೆ ಗೋಡೆ ತಾಗಿದ ಮನೆಗಳು, ಕೆಮ್ಮಿದರೆ ಪಕ್ಕದವರಿಗೆ ಕೇಳುತ್ತದೆ. ನಮ್ಮಲ್ಲಿ ಹಾಗಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬಂದು ನೋಡಿ. ಗುಡ್ಡದ ಈಚೆ ಒಂದು ಮನೆ, ತೋಟದ ಆಚೆ ಒಂದು ಮನೆ, ನಡುವೆ ಹಳ್ಳ, ಹಳ್ಳಕ್ಕೊಂದು ಕಾಲುಸಂಕ. ಜೋರು ಮಳೆ ಬಂದರೆ ಆ ಸಂಕವೂ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಕಾಲಕ್ಕೆ ಶರಾವತಿ ಕಣಿವೆಯ ಊರುಗಳು ಮುಳುಗಿದವು, ತಲೆಮಾರುಗಳಿಂದ ನೆರೆಯವರಾಗಿ ಇದ್ದವರು ದಿಕ್ಕಿಗೊಬ್ಬರು ಹೋಗಿ ನೆಲೆ ನಿಂತರು. ಆ ಹಿರಿಯರು ಈಗಲೂ ಹಳೇ ಊರಿನ ನೆರೆಮನೆಯವರ ಹೆಸರು ಹಿಡಿದು ಮಾತಾಡುತ್ತಾರೆ. ಇಂಥ ಸೀಮೆಯಲ್ಲಿ ಜನ ತಾವಾಗಿ ಒಂದಾಗುವುದಿಲ್ಲ. ಯಾರಾದರೂ ನಡೆದುಕೊಂಡು ಹೋಗಬೇಕು.

ಮತ್ತೆ ಮಕ್ಕಳು ಎಲ್ಲಿದ್ದಾರೆ? ಬೆಂಗಳೂರಿನಲ್ಲಿದ್ದಾರೆ. ಮಂಗಳೂರಿನಲ್ಲಿ, ದುಬೈನಲ್ಲಿ. ನಾನು ಅವರನ್ನು ಬೈಯುವುದಿಲ್ಲ, ದುಡಿಯಬೇಕಲ್ಲ, ಇಲ್ಲಿ ಏನಿದೆ ಅವರಿಗೆ? ಭದ್ರಾವತಿಯನ್ನೇ ನೋಡಿ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ನಂಬಿಕೊಂಡು ಎಲ್ಲೆಲ್ಲಿಂದಲೋ ಜನ ಬಂದರು, ತಮಿಳರು, ಮಲಯಾಳಿಗಳು, ಕೊಂಕಣಿ ಮಾತಾಡುವವರು, ಅವರವರ ಪ್ರಾರ್ಥನೆ, ಹಾಡು ಎಲ್ಲ ಜೊತೆಗೇ ತಂದರು. ಕಾಗದದ ಕಾರ್ಖಾನೆ ನಿಂತೇ ಹೋಯಿತು. ಮಕ್ಕಳು ಹೊರಗೆ ಹೋದರು, ಅಪ್ಪ ಅಮ್ಮ ಉಳಿದರು. ತೋಟದ ಮನೆಗಳದ್ದೂ ಅದೇ ಕಥೆ. ಎಂಟು ಕೋಣೆಯ ಮನೆ, ಒಳಗೆ ಇಬ್ಬರು ಮುದುಕರು, ಒಬ್ಬರಿಗೆ ಕಿವಿ ಕೇಳುವುದಿಲ್ಲ, ಇನ್ನೊಬ್ಬರಿಗೆ ಮಂಡಿ ನೋವು.

ಈಗ ಬೈಬಲ್‌ಗೆ ಬರೋಣ. ನಾಲ್ಕು ಸುವಾರ್ತೆಗಳನ್ನು ಓದುವಾಗ ಒಂದು ವಿಷಯ ಗಮನಿಸಿ. ಯೇಸು ಎಷ್ಟು ಸಲ ಯಾರದೋ ಮನೆಯ ಒಳಗೆ ಇರುತ್ತಾನೆ! ತನ್ನ ಶಿಷ್ಯ ಸೀಮೋನನ ಅತ್ತೆಗೆ ಜ್ವರ ಅಂದಾಗ ಆ ಮನೆಗೇ ಹೋಗುತ್ತಾನೆ, ಕೈ ಹಿಡಿದು ಎಬ್ಬಿಸುತ್ತಾನೆ. ಯಾಯೀರನ ಮಗಳ ಹಾಸಿಗೆ ಹತ್ತಿರ ಹೋಗುತ್ತಾನೆ. ಬೇಥಾನ್ಯದಲ್ಲಿ ಮಾರ್ಥ, ಮರಿಯ ಇದ್ದ ಮನೆ ಅವನಿಗೆ ತನ್ನ ಮನೆ ಇದ್ದ ಹಾಗೆ ಇತ್ತು. ಜನರಿಗೆ ಬೇಡವಾಗಿದ್ದ ಸುಂಕದವನು ಜಕ್ಕಾಯ ಮರ ಹತ್ತಿ ಕೂತಿದ್ದರೆ, ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇರಬೇಕು ಅನ್ನುತ್ತಾನೆ. ಊರೆಲ್ಲ ಗೊಣಗುತ್ತದೆ, ಇಂಥವನ ಮನೆಗೆ ಹೋದನಲ್ಲ ಅಂತ. ಗೊಣಗಿದರೂ ಹೋಗುತ್ತಾನೆ. ಸತ್ತು ಎದ್ದುಬಂದ ದಿನ ಸಂಜೆ ಕೂಡ ಎಮ್ಮಾಹುವಿನಲ್ಲಿ ಇಬ್ಬರು ದಾರಿಹೋಕರ ಜೊತೆ ಊಟಕ್ಕೆ ಕೂರುತ್ತಾನೆ, ರೊಟ್ಟಿ ಮುರಿದಾಗಲೇ ಅವರಿಗೆ ಗುರುತು ಸಿಗುತ್ತದೆ. ದಾರಿಯುದ್ದಕ್ಕೂ ಶಾಸ್ತ್ರ ವಿವರಿಸಿದ್ದ, ಆಗ ಅವರ ಹೃದಯ ಬೆಚ್ಚಗಾಗಿತ್ತು, ನಿಜ. ಆದರೆ ಕಣ್ಣು ತೆರೆದದ್ದು ಮನೆಯೊಳಗೆ, ಊಟದ ಹೊತ್ತಿಗೆ.

ಮೊದಲ ಕ್ರೈಸ್ತರಿಗೆ ಚರ್ಚ್ ಕಟ್ಟಡವೇ ಇರಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲ ಪ್ರಿಸ್ಕಿಲ್ಲ, ಅಕ್ವಿಲ ದಂಪತಿಯ ಮನೆಯಲ್ಲಿ ಕೂಡುವ ಸಭೆಗೆ ವಂದನೆ ಹೇಳುತ್ತಾನೆ. ಫಿಲೆಮೋನನ ಮನೆಯಲ್ಲೂ ಒಂದು ಸಭೆ ಇತ್ತು. ಸಿರಿಯಾ ದೇಶದ ದುರಾ ಯುರೋಪಸ್ ಅನ್ನುವ ಜಾಗದಲ್ಲಿ ಅಗೆದಾಗ ಸಿಕ್ಕಿರುವ ಒಂದು ಸಭಾಗೃಹ ಇದೆ, ಸುಮಾರು 240ನೇ ಇಸವಿಯ ಹೊತ್ತಿನದು. ಅದು ಮೂಲದಲ್ಲಿ ವಾಸದ ಮನೆ. ಎರಡು ಕೋಣೆಗಳ ನಡುವಿನ ಗೋಡೆ ತೆಗೆದು ಎಲ್ಲರೂ ಕೂರುವಷ್ಟು ಜಾಗ ಮಾಡಿಕೊಂಡಿದ್ದಾರೆ, ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ. ನಮ್ಮ ಶಿವಮೊಗ್ಗದ ಪವಿತ್ರ ಹೃದಯ ಕೆಥೆಡ್ರಲ್ ಎಷ್ಟು ದೊಡ್ಡದು ಅಂತ ನೋಡಿದವರಿಗೆ ಗೊತ್ತು. ನಾವು ಪ್ರೊಟೆಸ್ಟೆಂಟರು, ಅದು ಕ್ಯಾಥೊಲಿಕ್ ಸಹೋದರರದ್ದು, ಆದರೂ ಅದನ್ನು ದಾಟಿ ಹೋಗುವಾಗೆಲ್ಲ ನನಗೆ ಹೆಮ್ಮೆ ಅನ್ನಿಸುತ್ತದೆ. ದೊಡ್ಡ ಕಟ್ಟಡದ ಮೇಲೆ ನನಗೆ ಸಿಟ್ಟಿಲ್ಲ. ಕ್ರೈಸ್ತ ಸಭೆ ಶುರುವಾದದ್ದು ಮನೆಯ ಜಗಲಿಯಲ್ಲಿ ಅನ್ನುವುದು ನೆನಪಿರಲಿ, ಅಷ್ಟೇ.

ನಮ್ಮ ಕನ್ನಡ ನಾಡಿನ ಇತಿಹಾಸವೂ ಹಾಗೇ ಇದೆ. ರಾಜ್ಯೋತ್ಸವ ಬಂತು ಅಂದರೆ ನಾವು 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆ ತಂದ ಮಿಷನರಿ ಮೋಗ್ಲಿಂಗ್ ಹೆಸರು ಹೇಳುತ್ತೇವೆ, 1894ರ ಕನ್ನಡ ನಿಘಂಟಿನ ಮಿಷನರಿ ಕಿಟೆಲ್ ಹೆಸರು ಹೇಳುತ್ತೇವೆ. ಹೇಳಲೇಬೇಕು. ಆದರೆ ಸಭೆಗಳನ್ನು ಕಟ್ಟಿದವರಲ್ಲಿ ಉಪದೇಶಿಗಳಿದ್ದರು, ಬೈಬಲ್ ವುಮನ್ ಅಂತ ಕರೆಸಿಕೊಳ್ಳುತ್ತಿದ್ದ ಹೆಂಗಸರಿದ್ದರು. ಸೀರೆ ಸೆರಗು ಹೊದ್ದುಕೊಂಡು ಮನೆ ಮನೆಗೆ ನಡೆದು, ಹೆಂಗಸರ ಪಕ್ಕ ಕೂತು, ಓದಿ ಹೇಳಿ, ಅಕ್ಷರ ಕಲಿಸಿ ಬರುತ್ತಿದ್ದವರು. ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಫೋಟೊ ಇಲ್ಲ, ಕಲ್ಲಿನ ಮೇಲೆ ಹೆಸರಿಲ್ಲ. ಈಗಿನ ಸ್ತ್ರೀ ಸಂಘದ ಅಕ್ಕಂದಿರಿಗೆ ನಾನು ಯಾವಾಗಲೂ ಹೇಳುವುದು, ನೀವು ಅವರ ಮೊಮ್ಮಕ್ಕಳು ಅಂತ.

ಸರಿ, ಮನೆಗೆ ಹೋಗಿ ಮಾಡುವುದೇನು? ಎಷ್ಟೋ ಯುವಕರು ಇದನ್ನು ಕೇಳುತ್ತಾರೆ. ಪ್ರಸಂಗ, ಅಂದರೆ ಚರ್ಚ್‌ನಲ್ಲಿ ಮಾಡುವಂಥ ಉಪದೇಶ, ಮಾಡಬೇಡಿ. ಮೊದಲು ಅವರು ಕೊಡುವ ಬೆಲ್ಲ ನೀರು ಕುಡಿಯಿರಿ. ಆಮೇಲೆ ಸುಮ್ನೆ ಕೂತು ಕೇಳಿ. ಮಲೆನಾಡಿನ ಮನೆಯಲ್ಲಿ ಮಾತು ಮೊದಲು ಮಳೆಯಿಂದ ಶುರುವಾಗುತ್ತದೆ, ಆಮೇಲೆ ಅಡಿಕೆಗೆ ಬರುತ್ತದೆ. ಔಷಧಿ ಹೊಡೆಯಲು ಜನ ಸಿಗಲಿಲ್ಲ, ಕೊಳೆ ರೋಗ ಬಂತು, ಎಲೆಚುಕ್ಕಿ ರೋಗ ಈ ಸಲ ಮೇಲಿನ ತೋಟಕ್ಕೂ ಹತ್ತಿದೆ. ಇದನ್ನೆಲ್ಲ ಕೇಳಬೇಕು, ಅರ್ಧಕ್ಕೆ ತಡೆದು ಪ್ರಾರ್ಥನೆ ಮಾಡೋಣ ಅನ್ನಬಾರದು. ಇದೆಲ್ಲ ಮುಗಿದ ಮೇಲೆ, ಎಷ್ಟೋ ಸಲ ನಾವು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ, ನಿಜವಾದ ಮಾತು ಹೊರಗೆ ಬರುತ್ತದೆ. ಮಗ ಫೋನ್ ಮಾಡುವುದು ಬಿಟ್ಟಿದ್ದಾನೆ. ಸೊಸೈಟಿ ಸಾಲ ಕಟ್ಟಿಲ್ಲ. ಎದೆಯಲ್ಲಿ ಗಂಟು ಇದೆ, ಯಾರಿಗೂ ತೋರಿಸಿಲ್ಲ. ಆಗ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋಗಿ ಕೂರಬೇಕು. ಭಾನುವಾರ ಚರ್ಚ್ ಬಾಗಿಲಲ್ಲಿ ಹೇಗಿದ್ದೀರಿ ಅಂದರೆ ಚೆನ್ನಾಗಿದ್ದೇವೆ ಪಾಸ್ಟರ್ ಅನ್ನುವವರು ಇದೇ ಜನ.

ಕೆಲವು ಸಲ ಅದು ಜೀವದ ಪ್ರಶ್ನೆಯೇ ಆಗಿರುತ್ತದೆ. ಮಂಗನ ಕಾಯಿಲೆ ನಮ್ಮ ಜಿಲ್ಲೆಯದೇ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲೂಕಿನ ಅರಳಗೋಡು ಕಡೆ ಎಷ್ಟೋ ಮನೆಗಳಲ್ಲಿ ಸಾವಾಯಿತು. ಉಣ್ಣೆ ಅನ್ನುವ ಸಣ್ಣ ಹುಳ ಕಚ್ಚಿ ಬರುವ ಕಾಯಿಲೆ. ಚಳಿಗಾಲದಿಂದ ಮಳೆ ಬೀಳುವವರೆಗೆ, ಅಂದರೆ ತರಗೆಲೆ, ಸೌದೆ ತರಲು ಕಾಡಿಗೆ ಹೋಗುವ ಕಾಲಕ್ಕೇ ಜಾಸ್ತಿ. ಒಂಟಿಯಾಗಿರುವ ಹೆಂಗಸಿಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುಡಿದು ಮಲಗುತ್ತಾರೆ. ನಾಳೆ ಸರಿಹೋಗುತ್ತದೆ ಅಂತ. ಯಾರಾದರೂ ಹೋಗಿ, ಹತ್ತಿರದಲ್ಲಿ ಮಂಗ ಸತ್ತಿತ್ತಾ ಅಮ್ಮ ಅಂತ ಕೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರೆ ಅದು ದೇವರ ಸೇವೆ ಅಲ್ವಾ? ಮತ್ತಾಯ 25ನೇ ಅಧ್ಯಾಯದಲ್ಲಿ ಕರ್ತನು ಕೊನೆಯ ದಿನ ಏನು ಕೇಳುತ್ತಾನೆ ಅಂತ ಓದಿ. ಹಸಿದವನಿಗೆ ಊಟ ಕೊಟ್ಟೆಯಾ, ರೋಗಿಯನ್ನು ನೋಡಲು ಹೋದೆಯಾ. ಎಷ್ಟು ಪ್ರಸಂಗ ಕೇಳಿದೆ ಅಂತ ಅಲ್ಲಿ ಕೇಳುವುದಿಲ್ಲ.

ಈಗ ಸ್ವಲ್ಪ ಕಷ್ಟದ ಮಾತು. ಪಾಸ್ಟರ್ ಒಬ್ಬ ಮನೆ ಮನೆಗೆ ಹೋಗುತ್ತಾನೆ ಅಂದರೆ ಈ ಕಾಲದಲ್ಲಿ ಕೆಲವರಿಗೆ ಅನುಮಾನ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಅದನ್ನು ಹಿಂದಕ್ಕೆ ಪಡೆಯುವ ತೀರ್ಮಾನವನ್ನು ಸಚಿವ ಸಂಪುಟ ಮಾಡಿತು. ಕಾಯ್ದೆ ಏನೇ ಇರಲಿ, ಜನರ ಮನಸ್ಸಿನಲ್ಲಿ ಬಂದ ಅನುಮಾನ ಅಷ್ಟು ಬೇಗ ಹೋಗುವುದಿಲ್ಲ. ಅದಕ್ಕೇ ಕೆಲವು ಪಾಸ್ಟರ್‌ಗಳು ಹೆದರಿ ಮನೆ ಭೇಟಿಯನ್ನೇ ನಿಲ್ಲಿಸಿದ್ದಾರೆ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ, ಹೆಂಡತಿ ಮಕ್ಕಳಿರುವವರು. ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ. ಹಗಲಲ್ಲಿ ಹೋಗಿ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಹೋಗಿ. ಎಲ್ಲಿಗೆ ಪಾಸ್ಟರ್ ಅಂದರೆ, ಇಂಥವರಿಗೆ ಹುಷಾರಿಲ್ಲ, ನೋಡಲು ಹೊರಟೆ ಅನ್ನಿ. ನೀವೂ ಬನ್ನಿ ಅನ್ನಿ. ಬರುತ್ತಾರೆ! ನಿಜವಾಗಿ ಬರುತ್ತಾರೆ. ನೆರೆಮನೆಯ ಹಿಂದೂ ಕುಟುಂಬಕ್ಕೆ ಕಷ್ಟ ಬಂದರೆ ಅಲ್ಲಿಗೆ ನೆರೆಯವನಾಗಿ ಹೋಗಿ, ಚೀಲದಲ್ಲಿ ಕರಪತ್ರ ಇಟ್ಟುಕೊಂಡು ಹೋಗಬೇಡಿ. ದುಃಖದಲ್ಲಿ ಇರುವವರ ಹತ್ತಿರ ಲಾಭ ನೋಡುವುದು ಯೇಸು ಕಲಿಸಿದ ದಾರಿಯೇ ಅಲ್ಲ, ಇದನ್ನು ನಮ್ಮವರಿಗೆ ನಾನು ಖಡಕ್ಕಾಗಿ ಹೇಳುತ್ತೇನೆ.

ಯಾಕೆಂದರೆ ಕೊನೆಗೆ ನಾವೆಲ್ಲ ಒಬ್ಬರಿಗೊಬ್ಬರು ಬೇಕು. ಜುಲೈ ತಿಂಗಳಲ್ಲಿ ನಮ್ಮ ಕಡೆ ಒಂದು ಸಾವು ಆದರೆ ಏನಾಗುತ್ತದೆ ಗೊತ್ತಾ? ಸಮಾಧಿ ಗುಂಡಿ ತೋಡುತ್ತಿದ್ದ ಹಾಗೆ ನೀರು ತುಂಬುತ್ತದೆ. ಒಬ್ಬರು ತೋಡಬೇಕು, ಇಬ್ಬರು ನೀರು ಎತ್ತಿ ಹಾಕಬೇಕು, ನಾಲ್ಕು ಜನ ಮೇಲೆ ಟಾರ್ಪಾಲ್ ಹಿಡಿದು ನಿಲ್ಲಬೇಕು. ಆ ನಾಲ್ಕು ಜನರಲ್ಲಿ ಕ್ರೈಸ್ತರು ಎಷ್ಟು ಅಂತ ಯಾರೂ ಎಣಿಸುವುದಿಲ್ಲ. ಸಾಬರ ಮನೆಯಿಂದ ಪಂಪ್ ಬರುತ್ತದೆ, ದೀವರ ಹುಡುಗರು ಗುದ್ದಲಿ ಹಿಡಿಯುತ್ತಾರೆ, ಗೌಡರ ಮನೆಯಿಂದ ಎಲ್ಲರಿಗೂ ಕಾಫಿ. ಹಿಂದೆ ನಾಟಿ ಕಾಲದಲ್ಲಿ ಮುಯ್ಯಾಳು ಅಂತ ಇತ್ತಲ್ಲ, ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಸಭೆ ಊರಿನ ಜೊತೆ ಬದುಕಬೇಕಾದದ್ದು ಹಾಗೆ. ಕ್ರಿಸ್ಮಸ್‌ಗೆ ನಾವು ಕರ್ಜಿಕಾಯಿ, ಕೇಕು ಹಂಚುತ್ತೇವೆ, ಒಳ್ಳೆಯದು, ಆದರೆ ವರ್ಷಕ್ಕೊಂದು ತಟ್ಟೆ ತಿಂಡಿಯಿಂದ ಈ ಲೆಕ್ಕ ತೀರುವುದಿಲ್ಲ.

ಆನ್‌ಲೈನ್ ಆರಾಧನೆ ಬಗ್ಗೆ ಎರಡು ಮಾತು. ಕೊರೊನಾ ಕಾಲದಲ್ಲಿ ಅದು ನಮ್ಮನ್ನು ಉಳಿಸಿತು, ಕೃತಜ್ಞತೆ ಇದೆ. ಈಗಲೂ ನಾನು ನಿಮ್ಮ ಜೊತೆ ಮೊಬೈಲ್ ಮುಂದೆ ಕೂತೇ ಮಾತಾಡುತ್ತಿದ್ದೇನೆ, ದೂರದಲ್ಲಿರುವ ಮಕ್ಕಳಿಗೆ ಇದು ತಲುಪಲಿ ಅಂತಲೇ. ಆದರೆ ಒಂಟಿ ಮನೆಯ ಅಜ್ಜಿಗೆ ಇದು ತಲುಪುವುದಿಲ್ಲ. ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕು, ಮಳೆಗಾಲದಲ್ಲಿ ಕರೆಂಟೇ ಇರುವುದಿಲ್ಲ. ಎಲ್ಲ ಸರಿಯಿದ್ದರೂ, ದೊಡ್ಡ ಊರಿನ ದೊಡ್ಡ ಪ್ರಸಂಗಿ ಎಷ್ಟು ಚೆನ್ನಾಗಿ ಮಾತಾಡಿದರೂ ಅವರಿಗೆ ಈ ಅಜ್ಜಿಯ ಹೆಸರು ಗೊತ್ತಿಲ್ಲ.

ಪಾಸ್ಟರ್ ಒಬ್ಬನೇ ಇದನ್ನೆಲ್ಲ ಮಾಡಲು ಆಗುತ್ತದಾ ಅಂತ ಕೇಳಬಹುದು. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಅನ್ನುವ ನೇಕಾರರ ಊರಿನಲ್ಲಿ ರಿಚರ್ಡ್ ಬ್ಯಾಕ್ಸ್ಟರ್ ಅಂತ ಸಭಾಪಾಲಕರಿದ್ದರು. ಆ ಸಭೆಗೆ ಸುಮಾರು 800 ಕುಟುಂಬ. ಅವರೂ ಅವರ ಸಹಾಯಕರೂ ವಾರದಲ್ಲಿ ಎರಡು ದಿನ ಇದಕ್ಕೇ ಇಟ್ಟು ಒಂದೊಂದು ಕುಟುಂಬದ ಜೊತೆ ಬೇರೆ ಬೇರೆಯಾಗಿ ಕೂತು ಮಾತಾಡುತ್ತಿದ್ದರು. ನಮ್ಮ ಮಲೆನಾಡಿನ ಸಭೆಗಳು ಅಷ್ಟು ದೊಡ್ಡವೇನಲ್ಲ. ದಾರಿ ಮಾತ್ರ ಉದ್ದ. ಹಾಗಾಗಿ ಪಾಸ್ಟರ್ ಜೊತೆ ಹಿರಿಯರು ಬರಬೇಕು, ಬೈಕ್ ಇರುವ ಯುವಕರು ಬರಬೇಕು, ಸಂಡೆ ಸ್ಕೂಲ್ ಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ಮಕ್ಕಳು ಹೋದರೆ ಮುದುಕರ ಮುಖ ಹೇಗೆ ಅರಳುತ್ತದೆ ಅಂತ ಒಮ್ಮೆ ನೋಡಿ.

ನಮ್ಮ ಸಭೆಯಲ್ಲಿ ಈ ಸಲದ ಸುಗ್ಗಿ ಹಬ್ಬಕ್ಕೆ ಒಂದು ಸೂಚನೆ ಕಮಿಟಿ ಮುಂದೆ ಇಟ್ಟಿದ್ದೇನೆ. ಸುಗ್ಗಿ ಹಬ್ಬ ಗೊತ್ತಲ್ಲ, ತೋಟದ ಮೊದಲ ಫಲ ತಂದು ದೇವರ ಮುಂದೆ ಇಟ್ಟು ಆಮೇಲೆ ಹರಾಜು ಹಾಕುತ್ತೇವೆ. ಬಾಳೆಗೊನೆ, ಕಾಳುಮೆಣಸು, ಅಡಿಕೆ, ನಾಟಿ ಕೋಳಿ, ಒಂದು ತೆಂಗಿನಕಾಯಿಗೆ ಹಟಕ್ಕೆ ಬಿದ್ದು ಸಾವಿರ ರೂಪಾಯಿ ಕೂಗುವವರೂ ಇದ್ದಾರೆ. ಆ ಹಣದಲ್ಲಿ ಒಂದು ಭಾಗ ತೆಗೆದಿಟ್ಟು, ತಿಂಗಳ ಮೊದಲ ಭಾನುವಾರ ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ, ಹಿರಿಯರನ್ನು ಕರೆತರಲು ಒಂದು ಜೀಪು ಬಾಡಿಗೆಗೆ ಹಿಡಿಯೋಣ, ಜೀಪು ಹೋಗದ ಮನೆಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ನಾವೇ ಹೋಗೋಣ ಅಂತ ನನ್ನ ಸೂಚನೆ. ಕೆಲವರು ಸ್ಟೇಜಿಗೆ ಎಲ್‌ಇಡಿ ಪರದೆ ಬೇಕು ಅನ್ನುತ್ತಿದ್ದಾರೆ. ಮುಂದಿನ ಮೀಟಿಂಗ್‌ನಲ್ಲಿ ಇದು ಚರ್ಚೆಗೆ ಬರುತ್ತದೆ. ನಮ್ಮ ಸಭೆಯವರು ಯಾರಾದರೂ ಕೇಳಿಸಿಕೊಳ್ಳುತ್ತಿದ್ದರೆ ದಯವಿಟ್ಟು ಆ ದಿನ ತಪ್ಪದೆ ಬನ್ನಿ. ಬೆಂಗಳೂರಿನಲ್ಲಿ, ದುಬೈನಲ್ಲಿ ಕೂತು ನೋಡುತ್ತಿರುವ ಮಕ್ಕಳೇ, ನಿಮ್ಮ ಅಪ್ಪ ಅಮ್ಮನ ಮನೆಗೆ ಯಾವ ದಾರಿಯಲ್ಲಿ ಬರಬೇಕು, ಯಾವ ಹೊತ್ತು ಅವರಿಗೆ ಅನುಕೂಲ, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂತ ನನಗೆ ಮೆಸೇಜ್ ಹಾಕಿ.