ಇಲ್ಲದ ದೊರೆಯ ಕಟ್ಟಳೆ

ಕೇಳುಗರಿಗೆ ನಮಸ್ಕಾರ.

1981ರ ಸೆಪ್ಟೆಂಬರ್ ತಿಂಗಳಲ್ಲಿ ಫಿಲಿಪ್ಪೀನ್ಸ್ ದೇಶದ ಉತ್ತರ ಭಾಗದ ಕಲಯಾನ್ ದ್ವೀಪದ ಬಳಿ ಆ ದೇಶದ ಯುದ್ಧನೌಕೆಯೊಂದು ಚಂಡಮಾರುತಕ್ಕೆ ಸಿಕ್ಕಿ ಹಾಳಾಯಿತು. ಹಲವಾರು ನಾವಿಕರು ಪ್ರಾಣ ಕಳೆದುಕೊಂಡರು. ನೌಕೆಯ ಹೆಸರು ‘ದಾತು ಕಲಾಂತಿಯಾವ್’. ದಾತು ಎಂದರೆ ಹಿಂದಿನ ಕಾಲದ ಊರೊಡೆಯ. ಸ್ಪೇನಿನವರು ಕಾಲಿಡುವುದಕ್ಕೆ ಬಹಳ ಮೊದಲು, 1433ರಲ್ಲಿ, ಪನಾಯ್ ದ್ವೀಪವನ್ನು ಆಳುತ್ತಿದ್ದ ಈ ಕಲಾಂತಿಯಾವ್ ತನ್ನ ಪ್ರಜೆಗಳಿಗಾಗಿ 18 ಕಟ್ಟಳೆಗಳ ಸಂಹಿತೆಯೊಂದನ್ನು ಬರೆಸಿದ ಎಂದು ಅಲ್ಲಿನ ಮಕ್ಕಳು ಶಾಲೆಯಲ್ಲಿ ಓದುತ್ತಿದ್ದರು. ಬತಾನ್ ಎಂಬ ಊರಿನಲ್ಲಿ ಆತನಿಗೊಂದು ಸ್ಮಾರಕವೂ ಇತ್ತು. 1971ರಲ್ಲಿ ಅಧ್ಯಕ್ಷ ಮಾರ್ಕೋಸ್, ನ್ಯಾಯದಾನದಲ್ಲಿ ಹೆಸರು ಮಾಡಿದವರಿಗೆಂದು ಆತನ ಹೆಸರಿನಲ್ಲಿ ಗೌರವ ಪದವಿಯನ್ನೂ ಸ್ಥಾಪಿಸಿದರು. ಶಾಲೆ, ಸ್ಮಾರಕ, ಪದವಿ, ನೌಕೆ ಎಲ್ಲವೂ ಇದ್ದವು. ಅಂಥ ದೊರೆಯೊಬ್ಬ ಇದ್ದ ಎಂಬುದಕ್ಕೆ ಮಾತ್ರ ಆಧಾರವಿರಲಿಲ್ಲ.

ಈ ಇಲ್ಲದ ದೊರೆ ಎಲ್ಲಿಂದ ಬಂದ, ಯಾರು ಆತನನ್ನು ಹಿಡಿದುಹಾಕಿದರು ಎಂಬ ಕಥೆಯ ಮೂಲಕ, ಪರರ ಆಳ್ವಿಕೆಗೆ ಸಿಕ್ಕ ನಾಡಿನ ಇತಿಹಾಸವನ್ನು ಬರೆಯುವವರು ಆಕರಗಳನ್ನು ಹೇಗೆ ತೂಗಿ ನೋಡುತ್ತಾರೆ ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ.

ಹಿನ್ನೆಲೆ ಚುಟುಕಾಗಿ ಹೀಗಿದೆ. 1521ರಲ್ಲಿ ಮೆಗಲನ್‌ನ ಹಡಗುಗಳು ಅಲ್ಲಿಗೆ ಬಂದವು. 1565ರಲ್ಲಿ ಸ್ಪೇನಿನ ಸೇನಾನಿ ಲೆಗಾಸ್ಪಿ ಸೆಬು ದ್ವೀಪದಲ್ಲಿ ನೆಲೆಯೂರಿದ, 1571ರಲ್ಲಿ ಮನಿಲಾ ರಾಜಧಾನಿಯಾಯಿತು. 1898ರಲ್ಲಿ ಸ್ಪೇನ್ ಈ ದ್ವೀಪಗಳನ್ನು ಎರಡು ಕೋಟಿ ಡಾಲರಿಗೆ ಅಮೆರಿಕಕ್ಕೆ ಒಪ್ಪಿಸಿತು. ಸ್ವಾತಂತ್ರ್ಯ ಬಂದದ್ದು 1946ರಲ್ಲಿ. ಈ ನಾಲ್ಕು ಶತಮಾನಗಳ ಲಿಖಿತ ದಾಖಲೆಗಳಲ್ಲಿ ಬಹುಪಾಲು ಆಳುವವರು ಬರೆದವು: ಪಾದ್ರಿಗಳ ವರದಿ, ಅಧಿಕಾರಿಗಳ ಪತ್ರ, ತೆರಿಗೆಯ ಲೆಕ್ಕ. ಸ್ಪೇನಿಗೆ ಮೊದಲು ಅಲ್ಲಿನ ಜನ ಹೇಗಿದ್ದರು ಎಂದು ತಿಳಿಯಬೇಕಾದರೂ ಸ್ಪೇನಿನವರ ಬರಹವನ್ನೇ ತೆರೆಯಬೇಕು. ಆ ಬರಹ ಬಾಯಿ ತೆರೆದರೆ ‘ಇವರು ಅನಾಗರಿಕರು, ನಾವು ಬಂದು ಉದ್ಧಾರ ಮಾಡಿದೆವು’ ಎನ್ನುತ್ತದೆ. ಸ್ವಾಭಿಮಾನವುಳ್ಳ ಯಾರಿಗಾದರೂ ಹೊಟ್ಟೆ ಉರಿಯುವ ಮಾತು ಇದು.

1914ರಲ್ಲಿ ನೆಗ್ರೋಸ್ ದ್ವೀಪದ ಹೊಸೆ ಮಾರ್ಕೋ ಎಂಬ ವ್ಯಕ್ತಿ ಮನಿಲಾದ ಗ್ರಂಥಾಲಯಕ್ಕೆ ಕೆಲವು ಹಸ್ತಪ್ರತಿಗಳನ್ನು ತಂದುಕೊಟ್ಟ. ಪಾವೊನ್ ಎಂಬ ಸ್ಪೇನಿನ ಪಾದ್ರಿ 1838–39ರಲ್ಲಿ ಬರೆದದ್ದು ಎಂದು ಅವುಗಳ ಮೇಲೆ ನಮೂದಾಗಿತ್ತು. ಕಲಾಂತಿಯಾವ್ ಸಂಹಿತೆ ಅದರೊಳಗಿತ್ತು. ಗ್ರಂಥಾಲಯದ ಮುಖ್ಯಸ್ಥ ಜೇಮ್ಸ್ ರಾಬರ್ಟ್‌ಸನ್ ಸಾಮಾನ್ಯ ಆಸಾಮಿಯಲ್ಲ. ಎಮ್ಮಾ ಬ್ಲೇರ್ ಜೊತೆ ಸೇರಿ ಫಿಲಿಪ್ಪೀನ್ಸ್ ಕುರಿತ ಸ್ಪೇನಿನ ದಾಖಲೆಗಳನ್ನು 55 ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದ ವಿದ್ವಾಂಸ ಆತ. ಆ ಸಂಪುಟಗಳನ್ನು ಇಂದಿಗೂ ಸಂಶೋಧಕರು ಬಳಸುತ್ತಾರೆ. ಅಂಥವನೇ ಮಾರ್ಕೋ ತಂದ ಕಾಗದವನ್ನು ನಂಬಿ, 1917ರಲ್ಲಿ ಅದರ ಅನುವಾದ ಪ್ರಕಟಿಸಿದ. ಅಲ್ಲಿಂದ ಅದು ಪಠ್ಯಪುಸ್ತಕಗಳಿಗೆ ಇಳಿಯಿತು.

ಆ ಕಟ್ಟಳೆಗಳನ್ನು ಒಮ್ಮೆ ಓದಿ ನೋಡಬೇಕು. ಒಂದು ಕಲಮು ಎರಡು ದಿನಗಳ ಹೊಡೆತಕ್ಕೆ ಪಾತ್ರರಾಗುವವರ ಪಟ್ಟಿ ಕೊಡುತ್ತದೆ: ರಾತ್ರಿ ಪ್ರಯಾಣದಲ್ಲಿ ಹಾಡುತ್ತ ಹೋಗುವವನು, ಮನಾವುಲ್ ಎಂಬ ಹಕ್ಕಿಯನ್ನು ಕೊಂದವನು, ಒಡೆಯರ ಕಾಗದಪತ್ರ ಹರಿದವನು, ಕೇಡಿಗಾಗಿ ಸುಳ್ಳಾಡುವವನು, ಸತ್ತವರನ್ನು ಅಣಕಿಸುವವನು. ಒಡೆಯರನ್ನು ಕಚ್ಚುವ ನಾಯಿ ಸಾಕಿದವನು ಗುಲಾಮನಾಗಬೇಕು. ಇನ್ನು ಕೆಲವು ತಪ್ಪುಗಳಿಗೆ ಇರುವೆಗಳ ಬಾಯಿಗೆ ಒಡ್ಡುವುದು, ನೀರಿನಲ್ಲಿ ಮುಳುಗಿಸಿ ಕೊಲ್ಲುವುದು, ಮೊಸಳೆಗೆ ಹಾಕುವುದು. ಊರು ನಡೆಸಬೇಕಾದ ಯಾವ ಒಡೆಯನೂ ಇಂಥ ಕಾನೂನು ಮಾಡಲಾರ. ರಾತ್ರಿ ಹಾಡಿದವನಿಗೂ ಸುಳ್ಳುಗಾರನಿಗೂ ಒಂದೇ ಶಿಕ್ಷೆಯಾದರೆ ಪಂಚಾಯಿತಿ ಎಷ್ಟು ದಿನ ನಡೆದೀತು? ಆದರೂ ಐವತ್ತು ವರ್ಷ ದೊಡ್ಡವರು ಯಾರೂ ಈ ಪ್ರಶ್ನೆ ಕೇಳಲಿಲ್ಲ.

ಕೇಳಿದವರು ವಿಲಿಯಂ ಹೆನ್ರಿ ಸ್ಕಾಟ್. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹುಟ್ಟಿ, ಫಿಲಿಪ್ಪೀನ್ಸಿನ ಉತ್ತರದ ಬೆಟ್ಟನಾಡಾದ ಸಗಾಡಾದಲ್ಲಿ ಮಿಷನ್ ಶಾಲೆಯ ಮೇಷ್ಟರಾಗಿ ನೆಲೆಸಿದವರು. ಮುಂದೆ ಅಧ್ಯಕ್ಷ ಮಾರ್ಕೋಸ್ ಸೇನಾಡಳಿತ ಹೇರಿದಾಗ ಅವರೂ ಬಂಧನಕ್ಕೊಳಗಾದರು. ಸ್ಪೇನಿಗಿಂತ ಮೊದಲಿನ ಫಿಲಿಪ್ಪೀನ್ಸ್ ಬಗ್ಗೆ ನಮ್ಮ ಕೈಯಲ್ಲಿರುವ ಆಕರಗಳು ನಿಜವಾಗಿ ಯಾವುವು ಎಂಬುದೇ ಅವರ ಡಾಕ್ಟರೇಟ್ ವಿಷಯ. ಪಟ್ಟಿ ಮಾಡುವ ಕೆಲಸದಂತೆ ಕಾಣುವ ಈ ವಿಷಯ ಎಷ್ಟು ಅಪಾಯಕಾರಿ ಎಂದು ಆರಂಭದಲ್ಲಿ ಯಾರಿಗೂ ಹೊಳೆದಿರಲಾರದು.

ಸ್ಕಾಟ್ ಮೊದಲು ಹುಡುಕಿದ್ದು ಕಾಗದದ ಜಾತಕವನ್ನು. ಇದು ಮಾರ್ಕೋ ಕೈಗೆ ಬರುವ ಮೊದಲು ಎಲ್ಲಿತ್ತು, ಯಾರು ನೋಡಿದ್ದರು? 1914ಕ್ಕೆ ಹಿಂದೆ ಕಲಾಂತಿಯಾವ್ ಎಂಬ ಶಾಸನಕರ್ತನ ಹೆಸರನ್ನು ಯಾರಾದರೂ ಎತ್ತಿದ್ದಾರೆಯೆ? ಯಾರೂ ಇಲ್ಲ. ಪನಾಯ್ ದ್ವೀಪದಲ್ಲೇ ವಾಸವಾಗಿದ್ದ ಮಿಗೆಲ್ ದೆ ಲೊವಾರ್ಕಾ ಎಂಬ ಸ್ಪೇನಿನವನು 1582ರಲ್ಲಿ ಅಲ್ಲಿನ ಜನರ ನಂಬಿಕೆ, ಮದುವೆ, ಸಾಲ, ಜಗಳ ಎಲ್ಲವನ್ನೂ ಬರೆದಿಟ್ಟಿದ್ದಾನೆ. ಅವನಿಗೂ ಈ ದೊರೆ ಗೊತ್ತಿಲ್ಲ.

ಆಮೇಲೆ ಕಾಗದದ ಒಳಗೆ ನೋಡಿದರು. 1838–39ರಲ್ಲಿ ಬರೆದೆನೆನ್ನುವ ಪಾವೊನ್ ಸ್ಪೇನಿನ ರಾಜನಿಗೆ ಗೌರವ ಸಲ್ಲಿಸುತ್ತಾನೆ. ಆ ಹೊತ್ತಿಗೆ ಸ್ಪೇನಿನ ಗಾದಿಯಲ್ಲಿ ರಾಜನೇ ಇರಲಿಲ್ಲ. ಇಸಬೆಲ್ಲಾ ಎಂಬ ಪುಟ್ಟ ಹುಡುಗಿ ರಾಣಿ, ಅವಳ ಪರವಾಗಿ ತಾಯಿ ಆಡಳಿತ ನಡೆಸುತ್ತಿದ್ದಳು. ದಿನವೂ ಪೂಜೆಯಲ್ಲಿ ಅರಸೊತ್ತಿಗೆಗಾಗಿ ಪ್ರಾರ್ಥಿಸುವ ಪಾದ್ರಿ ಮರೆಯುವ ಸಂಗತಿಯೇ ಇದು? ಇಂಥ ಎಡವಟ್ಟುಗಳು ಹಸ್ತಪ್ರತಿಯ ಉದ್ದಕ್ಕೂ ಸಿಕ್ಕವು.

1968ರ ಜೂನ್ ತಿಂಗಳಲ್ಲಿ ಮನಿಲಾದ ಸಾಂತೊ ತೊಮಾಸ್ ವಿಶ್ವವಿದ್ಯಾಲಯದಲ್ಲಿ ಅವರ ಮೌಖಿಕ ಪರೀಕ್ಷೆ ನಡೆಯಿತು. ಪರೀಕ್ಷಕರು ದೇಶದ ಹಿರಿಯ ಇತಿಹಾಸಕಾರರು. ಅವರಲ್ಲಿ ಕೆಲವರ ಪುಸ್ತಕಗಳಲ್ಲೇ ಕಲಾಂತಿಯಾವ್ ರಾರಾಜಿಸುತ್ತಿದ್ದ. ಮಾರ್ಕೋನ ‘ಕೊಡುಗೆ’ಯ ಬಗ್ಗೆ ತಾವು ಬರೆದ ಅಧ್ಯಾಯದ ಮೇಲೆ ಒಂದೇ ಒಂದು ಪ್ರಶ್ನೆಯೂ ಬರಲಿಲ್ಲ ಎಂದು ಸ್ಕಾಟ್ ಆಮೇಲೆ ದಾಖಲಿಸಿದ್ದಾರೆ. ಆ ಮೌನದಲ್ಲಿ ಒಪ್ಪಿಗೆಯೂ ಇತ್ತು, ಮುಜುಗರವೂ ಇತ್ತೆಂದು ನನಗನಿಸುತ್ತದೆ. ಸಂಹಿತೆಗೆ ಐತಿಹಾಸಿಕ ಆಧಾರವಿಲ್ಲವೆಂದು ಅಲ್ಲಿನ ರಾಷ್ಟ್ರೀಯ ಇತಿಹಾಸ ಸಂಸ್ಥೆ ಅಧಿಕೃತವಾಗಿ ಘೋಷಿಸಿದ್ದು 2004ರಲ್ಲಿ. ಗೌರವ ಪದವಿ ಹುಟ್ಟಿದ್ದು, ಆತನ ಹೆಸರಿನ ನೌಕೆ ಹಾಳಾದದ್ದು ಎಲ್ಲವೂ 1968ಕ್ಕೂ 2004ಕ್ಕೂ ನಡುವಿನ ಅವಧಿಯಲ್ಲೇ.

ನಂಬಿದವರನ್ನು ಮೂರ್ಖರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರ ಹಸಿವು ನಿಜವಾದದ್ದು. ಇದೇ ಹಸಿವು ಫಿಲಿಪ್ಪೀನ್ಸಿನ ರಾಷ್ಟ್ರವೀರ, ಕಾದಂಬರಿಕಾರ ಹೊಸೆ ರಿಸಾಲ್ ಅವರಿಗೂ ಇತ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕುಳಿತು, ಅಂತೋನಿಯೊ ದೆ ಮೊರ್ಗಾ ಎಂಬ ಅಧಿಕಾರಿ 1609ರಲ್ಲಿ ಅಚ್ಚು ಹಾಕಿಸಿದ್ದ ಫಿಲಿಪ್ಪೀನ್ಸ್ ವೃತ್ತಾಂತವನ್ನು ರಿಸಾಲ್ ಕೈಯಾರೆ ನಕಲು ಮಾಡಿಕೊಂಡರು, ಅದಕ್ಕೆ ಟಿಪ್ಪಣಿ ಬರೆದು ಪ್ಯಾರಿಸ್‌ನಲ್ಲಿ ಪ್ರಕಟಿಸಿದರು. ಸ್ಪೇನಿನವರು ಬರುವ ಮೊದಲೂ ನಮಗೆ ಹಡಗು ಕಟ್ಟುವ ಕಸುಬಿತ್ತು, ವ್ಯಾಪಾರವಿತ್ತು, ನೀವು ಬಂದ ಮೇಲೆಯೇ ನಾವು ಕೆಟ್ಟೆವು ಎಂಬುದನ್ನು ಆಳುವವರದೇ ಪುಸ್ತಕದಿಂದ ಎತ್ತಿ ತೋರಿಸುವುದು ಅವರ ಉದ್ದೇಶ. ಚಂದದ ವಿಷಯವೇನೆಂದರೆ, ಆ ಪುಸ್ತಕಕ್ಕೆ ಮುನ್ನುಡಿ ಬರೆದ ಗೆಳೆಯ ಬ್ಲುಮೆನ್‌ಟ್ರಿಟ್, ಹಿಂದಿನ ಕಾಲದವರನ್ನು ಇಂದಿನ ಅಳತೆಗೋಲಿನಿಂದ ಅಳೆಯುತ್ತಿದ್ದೀರಿ ಎಂದು ಮುನ್ನುಡಿಯಲ್ಲೇ ಆಕ್ಷೇಪಿಸಿದರು. ರಿಸಾಲ್ ಅದನ್ನು ಹಾಗೆಯೇ ಅಚ್ಚು ಹಾಕಿಸಿದರು! ಇಂದು ನಮ್ಮಲ್ಲಿ ಎಷ್ಟು ಲೇಖಕರು ಇಂಥ ಮುನ್ನುಡಿಯನ್ನು ಉಳಿಸಿಕೊಂಡಾರು ಹೇಳಿ. ರಿಸಾಲ್ ಆಕರವನ್ನು ಜಗ್ಗಿ ಎಳೆದಿರಬಹುದು, ಆದರೆ ಆಕರ ಅಸಲಿ. ಓದುಗ ಮೊರ್ಗಾನ ಮಾತನ್ನೂ ರಿಸಾಲರ ಟಿಪ್ಪಣಿಯನ್ನೂ ಒಂದೇ ಪುಟದಲ್ಲಿ ನೋಡಿ ತೀರ್ಮಾನಿಸಬಹುದು. ಮಾರ್ಕೋ ಆ ಅವಕಾಶವನ್ನೇ ಕಿತ್ತುಕೊಂಡ.

ಹಾಗೆಂದು ಕಾಗದ ಅಸಲಿಯಾದರೆ ಸಾಲದು, ಅಸಲಿ ಕಾಗದವೂ ಸುಳ್ಳು ಹೇಳುತ್ತದೆ. 1872ರ ಜನವರಿ 20ರಂದು ಕವೀತೆ ಎಂಬಲ್ಲಿನ ಶಸ್ತ್ರಾಗಾರದಲ್ಲಿ ಸ್ಥಳೀಯ ಸೈನಿಕರು, ಕೆಲಸಗಾರರು ದಂಗೆ ಎದ್ದರು. ಅದು ಬೇಗನೆ ಅಡಗಿತು. ಆದರೆ ಫೆಬ್ರವರಿ 17ರಂದು ಗೋಮೆಸ್, ಬುರ್ಗೋಸ್, ಸಮೋರಾ ಎಂಬ ಮೂವರು ಪಾದ್ರಿಗಳನ್ನು, ಈ ದಂಗೆಗೆ ಕುಮ್ಮಕ್ಕು ಕೊಟ್ಟರೆಂದು, ಮನಿಲಾದ ಬಗುಂಬಾಯಾನ್ ಮೈದಾನದಲ್ಲಿ ಕೊರಳು ಬಿಗಿದು ಕೊಂದರು. ಗವರ್ನರ್ ಇಸ್ಕಿಯೆರ್ದೊ ಮ್ಯಾಡ್ರಿಡ್‌ಗೆ ಬರೆದ ವರದಿ ಉಳಿದಿದೆ, ಅದರ ಅಸಲಿತನದಲ್ಲಿ ಸಂದೇಹವಿಲ್ಲ. ಅದರ ಪ್ರಕಾರ ಇದು ಸ್ಥಳೀಯ ಪಾದ್ರಿಗಳು, ವಕೀಲರು, ಮಿಶ್ರ ಸಂತತಿಯವರು ಸೇರಿ ಹೂಡಿದ ಭಾರೀ ಸಂಚು. ಮುಂದೆ ಫಿಲಿಪಿನೊ ವಿದ್ವಾಂಸ ಪಾರ್ದೊ ದೆ ತವೇರಾ ಬರೆದದ್ದೇ ಬೇರೆ: ಶಸ್ತ್ರಾಗಾರದ ಕೆಲಸಗಾರರ ಸವಲತ್ತು ಕಿತ್ತುಕೊಂಡದ್ದರಿಂದ ಎದ್ದ ದಂಗೆಯನ್ನು ಆಳುವವರು ಬೇಕೆಂದೇ ಊದಿಸಿದರು.

ಯಾರನ್ನು ನಂಬುವುದು? ಗವರ್ನರನ ವರದಿಯನ್ನೇ ಮತ್ತೊಮ್ಮೆ ಓದಿ ನೋಡಿ. ಸಂಚುಕೋರರು ಏನೇನು ನೆಪ ಹೇಳಿ ಜನರನ್ನು ಎತ್ತಿಕಟ್ಟಿದರು ಎಂದು ದೂರುತ್ತ ಆತ, ಹಿಂದೆ ವಿನಾಯಿತಿ ಇದ್ದ ಶಸ್ತ್ರಾಗಾರದ ಕೆಲಸಗಾರರು ಜನವರಿ 1ರಿಂದ ತಲೆಗಂದಾಯ ಕೊಡಬೇಕು, ಬಿಟ್ಟಿ ದುಡಿಯಬೇಕು ಎಂದು ತನ್ನ ಸರ್ಕಾರ ಮಾಡಿದ್ದ ಏರ್ಪಾಟನ್ನೂ ಬಾಯಿ ತಪ್ಪಿ ಹೇಳಿಬಿಡುತ್ತಾನೆ. ಏರ್ಪಾಟು ಜಾರಿಯಾದದ್ದು ತಿಂಗಳ ಮೊದಲ ದಿನ, ದಂಗೆ ಅದೇ ತಿಂಗಳ ಇಪ್ಪತ್ತಕ್ಕೆ. ಬರೆದವನ ಹಿತಕ್ಕೆ ವಿರುದ್ಧವಾಗಿ ಜಾರಿದ ಇಂಥ ಮಾತಿಗೆ ಇತಿಹಾಸಕಾರರು ಹೆಚ್ಚು ಬೆಲೆ ಕೊಡುತ್ತಾರೆ. ಸ್ಪೇನಿನ ದಾಖಲೆಗಳೆಂಬ ಪರದೆಯ ಬಿರುಕುಗಳಲ್ಲಿ ಫಿಲಿಪಿನೊ ಜನ ಕಾಣಿಸುತ್ತಾರೆ ಎಂದು ಸ್ಕಾಟ್ ಹೇಳಿದ್ದು ಈ ಬಗೆಯ ಓದನ್ನೇ.

ಪ್ರೀತಿಯಿಂದ ಬರೆದವರ ಮಾತನ್ನೂ ತಾಳೆ ನೋಡಬೇಕು. ರಿಸಾಲ್ ತಮ್ಮ ಎರಡನೆಯ ಕಾದಂಬರಿಯನ್ನು ಈ ಮೂವರು ಪಾದ್ರಿಗಳಿಗೆ ಅರ್ಪಿಸುತ್ತ, ಅವರು ಸತ್ತದ್ದು ಫೆಬ್ರವರಿ 28 ಎಂದು ಬರೆದರು, ವಯಸ್ಸುಗಳನ್ನೂ ತಪ್ಪಾಗಿ ಕೊಟ್ಟರು. ಅರ್ಪಣೆಯ ಬೆಲೆ ಅದರಿಂದ ಕುಂದುವುದಿಲ್ಲ, ಆದರೆ ತಾರೀಕಿಗೆ ಅದನ್ನು ಸಾಕ್ಷಿ ಮಾಡಲಾಗದು. ಬುರ್ಗೋಸ್ ಹೆಸರನ್ನೂ ಮಾರ್ಕೋ ಬಿಡಲಿಲ್ಲ. ಆ ಪಾದ್ರಿ ಬರೆದದ್ದೆಂದು ಒಂದು ಕಾದಂಬರಿಯನ್ನೇ ಹೊರತಂದ. ಅದೂ ನಕಲಿ ಎಂಬುದನ್ನು ಜೆಸ್ವಿಟ್ ಇತಿಹಾಸಕಾರ ಜಾನ್ ಶುಮಾಕರ್ ತೋರಿಸಿಕೊಟ್ಟರು.

ಇಷ್ಟೆಲ್ಲ ಪೆಟ್ಟು ತಿಂದ ದೇಶದಲ್ಲಿ, 1989ರಲ್ಲಿ, ಲಗುನಾ ಸರೋವರಕ್ಕೆ ಸೇರುವ ಲುಂಬಾನ್ ನದಿಯಲ್ಲಿ ಮರಳು ತೆಗೆಯುವವರಿಗೆ ಸುರುಟಿಕೊಂಡ ತಾಮ್ರದ ತಗಡೊಂದು ಸಿಕ್ಕಿತು. ಹತ್ತು ಸಾಲಿನ ಬರಹ. ಯಾರಿಗೂ ಮೊದಲಿಗೆ ನಂಬಿಕೆ ಬರಲಿಲ್ಲ, ಬಾರದಿದ್ದದ್ದೇ ಒಳ್ಳೆಯದಾಯಿತು. ಮಿಂದೊರೊ ದ್ವೀಪದ ಮಂಗ್ಯಾನ್ ಜನರ ನಡುವೆ ಬಾಳಿ ಅವರ ಲಿಪಿಯನ್ನು ಅಭ್ಯಾಸ ಮಾಡಿದ್ದ ಡಚ್ ವಿದ್ವಾಂಸ ಆಂತೂನ್ ಪೋಸ್ಟ್‌ಮಾ ಅದನ್ನು ಓದಿದರು. ಅದರ ಮೊದಲ ಸಾಲು ಕೇಳಿ: ‘ಸ್ವಸ್ತಿ ಶಕವರ್ಷಾತೀತ 822 ವೈಶಾಖ ಮಾಸ…’ ಮುಂದೆ ಕೃಷ್ಣಪಕ್ಷ ಚತುರ್ಥಿ, ಸೋಮವಾರ. ಶಾಸನಗಳನ್ನು ಓದಿದ ಕನ್ನಡಿಗರಿಗೆ ಇದರಲ್ಲಿ ಅರ್ಥವಾಗದ ಪದವೇ ಇಲ್ಲ. ನಮ್ಮ ಮಾನ್ಯಖೇಟದಲ್ಲಿ ರಾಷ್ಟ್ರಕೂಟ ಇಮ್ಮಡಿ ಕೃಷ್ಣ ಆಳುತ್ತಿದ್ದಾಗ ಇಲ್ಲಿನ ಶಾಸನಗಳೂ ಇದೇ ಶಕ ಗಣನೆಯಲ್ಲಿ ಕಾಲ ಹೇಳುತ್ತಿದ್ದವು. ದಕ್ಷಿಣ ಭಾರತದ ಲಿಪಿಯಿಂದ ಬೆಳೆದ ‘ಕವಿ’ ಎಂಬ ಲಿಪಿ, ಹಳೆಯ ಮಲಯ ಭಾಷೆ, ನಡುನಡುವೆ ಸೇನಾಪತಿ, ನಾಯಕ, ಜಯದೇವ ಎಂಬ ಸಂಸ್ಕೃತ ಪದಗಳು.

ಈ ತಗಡು ಪರೀಕ್ಷೆಗಳನ್ನು ಒಂದೊಂದಾಗಿ ಗೆದ್ದಿತು. ಅಕ್ಷರಗಳ ರೂಪ ಆ ಶತಮಾನದ ಜಾವಾ ಬರಹಕ್ಕೆ ಹೊಂದಿತು. ತಿಥಿ ಲೆಕ್ಕ ಹಾಕಿದರೆ ಕ್ರಿ.ಶ. 900ರ ಏಪ್ರಿಲ್ 21 ಬಂತು, ಅದು ಸೋಮವಾರವೇ. ವಿಷಯವೋ ಬಹಳ ಸಾದಾ: ನಮ್ವರಾನ್ ಎಂಬವನ ಸಾಲ, ಒಂದು ಕಟಿ ಎಂಟು ಸುವರ್ಣ ತೂಕದ ಚಿನ್ನ, ತೀರಿತು. ಅವನ ಮಕ್ಕಳಿಗೆ ಇದೇ ಬಿಡುಗಡೆ ಪತ್ರ. ಇಂದಿನ ತೂಕದಲ್ಲಿ ಹತ್ತಿರಹತ್ತಿರ ಒಂದು ಕಿಲೋ ಚಿನ್ನ. ಖೋಟಾ ಮಾಡುವವನಿಗೆ ದೊರೆ ಬೇಕು, ಮೊಸಳೆ ಬೇಕು. ಸಾಲದ ಚೀಟಿ ಯಾರಿಗೆ ಬೇಕು?

ನನ್ನನ್ನು ಹೆಚ್ಚು ಹಿಡಿದದ್ದು ಇನ್ನೊಂದು ಹೊಂದಾಣಿಕೆ. ಏಳು ಶತಮಾನ ಆದಮೇಲೆ ಬರೆದ ಲೊವಾರ್ಕಾ, ಹಾಗೆಯೇ 1589ರಲ್ಲಿ ತಗಾಲೊಗ್ ಜನರ ರೂಢಿಗಳನ್ನು ಬರೆದ ಪಾದ್ರಿ ಪ್ಲಾಸೆನ್ಸಿಯಾ, ಇಬ್ಬರೂ ವಿವರಿಸುವ ಸಮಾಜ ಸಾಲದ ಸುತ್ತಲೇ ತಿರುಗುತ್ತದೆ. ತಪ್ಪಿಗೆ ದಂಡ, ದಂಡ ಕಟ್ಟಲಾಗದವನು ಸಾಲಗಾರ, ಸಾಲಗಾರನು ಆಳು, ಆಳುತನ ಮಕ್ಕಳಿಗೂ. ದುಡಿಯುವ ಕೈ ಬೇಕಾದ ಒಡೆಯ ಅಪರಾಧಿಯನ್ನು ಇರುವೆಗೆ ಹಾಕುತ್ತ ಕೂರುವುದಿಲ್ಲ. ತಾಮ್ರಪಟ ನಮ್ವರಾನನ ಮಕ್ಕಳನ್ನು ಯಾವುದರಿಂದ ಬಿಡಿಸಿತು ಎಂಬುದು ಈ ಬರಹಗಳ ಪಕ್ಕದಲ್ಲಿಟ್ಟಾಗಲೇ ತಿಳಿಯುತ್ತದೆ. ಒಬ್ಬರನ್ನೊಬ್ಬರು ಅರಿಯದ ಸಾಕ್ಷಿಗಳು ಒಂದೇ ಮಾತು ಹೇಳುವುದು ಎಂದರೆ ಇದು. ಕಲಾಂತಿಯಾವ್ ಪರವಾಗಿ ಮಾರ್ಕೋ ಬಿಟ್ಟರೆ ಇನ್ನೊಬ್ಬ ಸಾಕ್ಷಿಯಿಲ್ಲ.

ಪಟ ಈಗ ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ‘ತುಂಡುನ್’ ಎಂಬ ಊರಿನ ಸೇನಾಪತಿಯ ಉಲ್ಲೇಖವಿದೆ, ಅದನ್ನು ಮನಿಲಾದ ಇಂದಿನ ತೊಂಡೊ ಎಂದು ಪೋಸ್ಟ್‌ಮಾ ಗುರುತಿಸಿದರು. ಉಳಿದ ಕೆಲವು ಊರುಗಳ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಜಗಳವಿದೆ. ಇಷ್ಟರಲ್ಲೇ ಆ ಒಂದು ಉಲ್ಲೇಖವನ್ನು ಹಿಡಿದು ‘ತೊಂಡೊ ಸಾಮ್ರಾಜ್ಯ’ದ ಬಣ್ಣಬಣ್ಣದ ನಕ್ಷೆಗಳೂ ರಾಜರ ವಂಶಾವಳಿಗಳೂ ಹುಟ್ಟಿಕೊಂಡಿವೆ. ಪಟದ ಹತ್ತು ಸಾಲುಗಳಲ್ಲಿ ಸಾಮ್ರಾಜ್ಯವಿಲ್ಲ, ಗಡಿಯಿಲ್ಲ, ವಂಶಾವಳಿಯಿಲ್ಲ. ಒಬ್ಬ ಸೇನಾಪತಿ, ಅವನ ಮಾತನ್ನು ನಡೆಸಿಕೊಟ್ಟ ಕೆಲವು ಊರೊಡೆಯರು, ತೀರಿದ ಒಂದು ಸಾಲ, ಇಷ್ಟೇ ಇರುವುದು.