ಆ ಪ್ರಶ್ನೆ ಬಾಯಿಬಿಟ್ಟು ಕೇಳಿ

ಒಂದು ರಾತ್ರಿ ಗೆಳೆಯನೊಬ್ಬ ಫೋನ್ ಮಾಡಿ, "ನಮ್ ನಾಯೀನ ನೀನು ಇಟ್ಕೋತೀಯಾ?" ಅಂದ. ಎಲ್ಲಿಗೆ ಹೊರಟಿದ್ದೀಯ ಅಂತ ಕೇಳಿದೆ. "ಎಲ್ಲಿಗೂ ಇಲ್ಲ, ಸುಮ್ನೆ ಕೇಳ್ದೆ." ಆ ನಾಯಿ ಅಂದ್ರೆ ಅವನಿಗೆ ಪ್ರಾಣ. ಮರಿಯಾಗಿದ್ದಾಗಿಂದ ಒಂದು ದಿನ ಬಿಟ್ಟಿದ್ದವನಲ್ಲ. ಕೇಳಲೋ ಬೇಡವೋ ಅಂತ ಒದ್ದಾಡಿ, ಕೊನೆಗೆ ಕೇಳೇ ಬಿಟ್ಟೆ: "ಸಾಯಬೇಕು ಅನ್ನೋ ಯೋಚನೆ ಬರ್ತಿದೆಯೇನೋ?" ಆ ಕಡೆಯಿಂದ ಅವನ ಉಸಿರು ಮಾತ್ರ ಕೇಳಿಸ್ತಿತ್ತು. ತುಂಬಾ ಹೊತ್ತಾದ ಮೇಲೆ, ಮೆಲ್ಲಗೆ, "ಹೂಂ."

ಇವತ್ತು ನಾನು ಮಾತಾಡಬೇಕು ಅಂದ್ಕೊಂಡಿರೋದು ಆ ಪ್ರಶ್ನೆ ಬಗ್ಗೆ. ಕೇಳಿದ್ರೆ ಇಲ್ಲದ ಯೋಚನೆಯನ್ನ ನಾವೇ ತಲೆಗೆ ತುಂಬಿದ ಹಾಗಾಗುತ್ತೆ ಅಂತ ಎಷ್ಟೋ ಜನ ಹೆದರ್ತಾರೆ. ನಾನೂ ಹೆದರಿದ್ದೆ. ಸಂಶೋಧಕರು ಇದನ್ನ ಮತ್ತೆ ಮತ್ತೆ ಪರೀಕ್ಷಿಸಿ ನೋಡಿದ್ದಾರೆ. ಕೇಳೋದರಿಂದ ಅಪಾಯ ಹೆಚ್ಚಾಗಿದ್ದು ಕಂಡುಬಂದಿಲ್ಲ. ಎಷ್ಟೋ ಜನಕ್ಕೆ, ಸದ್ಯ ಒಬ್ಬರಾದ್ರೂ ಕೇಳಿದ್ರಲ್ಲ ಅಂತ ಎದೆಭಾರ ಇಳಿಯುತ್ತೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವರ್ಷಕ್ಕೆ 7 ಲಕ್ಷ 20 ಸಾವಿರಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಸಾಯ್ತಾರೆ. ಪ್ರತಿ ಸಲವೂ ನಾವು ಒಂದು ಕಾರಣ ಹುಡುಕ್ತೀವಿ: ಫೇಲಾದ, ಸಾಲ ಮಾಡ್ಕೊಂಡಿದ್ದ, ಮದುವೆ ಮುರೀತು. ಒಂದೇ ಕಾರಣ ಅನ್ನೋದು ಇರೋದೇ ಅಪರೂಪ. ಖಿನ್ನತೆ, ಕುಡಿತ, ವಾಸಿಯಾಗದ ನೋವು, ಒಂಟಿತನ, ಅವಮಾನ ಎಲ್ಲಾ ಹೆಣೆದುಕೊಂಡಿರುತ್ತೆ. ಹಿಂದೆ ಒಮ್ಮೆ ಪ್ರಯತ್ನಿಸಿದ್ರೆ ಇನ್ನೂ ಹೆಚ್ಚು ಎಚ್ಚರ ಬೇಕು.

ಹಾಗಂತ ಈ ಪಟ್ಟಿ ಹಿಡ್ಕೊಂಡು ಯಾರ ಭವಿಷ್ಯಾನೂ ಹೇಳೋಕಾಗಲ್ಲ. 50 ವರ್ಷಗಳ 365 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಯೊಂದು 2017ರಲ್ಲಿ ಬಂತು. ಇಂಥ ಅಂಶಗಳಿಂದ ಮಾಡೋ ಊಹೆ ನಾಣ್ಯ ಚಿಮ್ಮೋದಕ್ಕಿಂತ ಸ್ವಲ್ಪ ಮಾತ್ರ ಮೇಲು ಅಂತ ಗೊತ್ತಾಯ್ತು. ಹಾಗಾಗಿ ಈ ಅಂಶಗಳಿಗೆ ಅಂಕ ಹಾಕಿ "ಕಡಿಮೆ ಅಪಾಯ" ಅಂತ ಬರೆದು ಮನೆಗೆ ಕಳಿಸೋ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಕೇಳಬೇಕಾದ್ದು ಈಗಿನ ಸ್ಥಿತಿ. ಯೋಚನೆ ಎಷ್ಟು ಸಲ ಬರುತ್ತೆ? ಹೇಗೆ, ಯಾವಾಗ ಅಂತ ಯೋಚಿಸಿದ್ದೀರಾ? ಅಪಾಯದ ವಸ್ತು ಕೈಗೆಟಕೋ ಹಾಗಿದೆಯಾ? ಕೊನೇದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಇಲ್ಲೀತನಕ ನಿಮ್ಮನ್ನ ಏನು ತಡೀತು? ಅವತ್ತು ನನ್ನ ಗೆಳೆಯ ಹೇಳಿದ್ದು, "ನಾಯಿಗೆ ಯಾರು ದಿಕ್ಕು ಅಂತ." ಆಗ ಅರ್ಥವಾಯ್ತು. ಅವನು ಉಳಿದಿದ್ದ ಒಂದೇ ಒಂದು ಗಂಟನ್ನ ಬಿಚ್ಚೋಕೆ ನನಗೆ ಫೋನ್ ಮಾಡಿದ್ದ. ನಾನು "ಆಯ್ತು, ಇಟ್ಕೋತೀನಿ" ಅಂದಿದ್ರೆ?

ನಾನು ಅನ್ನಲಿಲ್ಲ. ಫೋನ್ ಇಡದೆ ಅವನ ಮನೆಗೆ ಹೋದೆ. ಅಪಾಯದ ವಸ್ತುಗಳನ್ನ ದೂರ ಇಟ್ವಿ. ಆ ತೀವ್ರ ಘಳಿಗೆ ಎಷ್ಟೋ ಸಲ ಕೆಲವೇ ಗಂಟೆಗಳದ್ದು, ಕೆಲವೊಮ್ಮೆ ನಿಮಿಷಗಳದ್ದು. ಅದನ್ನ ದಾಟಿಸಿದ್ರೆ ಏನಾಗುತ್ತೆ? ಕೊನೇ ಕ್ಷಣದಲ್ಲಿ ತಡೆಯಲಾದ 515 ಜನರನ್ನ ವರ್ಷಗಳ ನಂತರ ಹುಡುಕಿದ ಅಧ್ಯಯನವೊಂದು 1978ರಲ್ಲಿ ಬಂತು. ನೂರಕ್ಕೆ ಸುಮಾರು 94 ಜನ ಬದುಕಿದ್ರು, ಇಲ್ಲವೇ ಸಹಜವಾಗಿ ತೀರಿಕೊಂಡಿದ್ರು. "ಇವತ್ತು ತಡೆದ್ರೂ ನಾಳೆ ಮಾಡ್ಕೋತಾರೆ" ಅನ್ನೋರು ದಯವಿಟ್ಟು ಈ ಅಂಕಿ ನೋಡಿ.

ಬೆಳಿಗ್ಗೆ ವೈದ್ಯರ ಹತ್ರ ಹೋದ್ವಿ. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಅಪಾಯ ತಕ್ಷಣದ್ದಾಗಿದ್ರೆ ಬೆಳಗಾಗೋವರೆಗೂ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ತುರ್ತು ಸೇವೆಗೆ ಫೋನ್ ಮಾಡಿ. ನಿಮಗೇ ಹಾಗನ್ನಿಸ್ತಿದ್ರೆ, ಈಗಲೇ ಓದೋದನ್ನ ನಿಲ್ಲಿಸಿ ಸಹಾಯವಾಣಿಗೋ ನಂಬಿಕಸ್ತರಿಗೋ ಹೇಳಿ.

ಆಸ್ಪತ್ರೆಯಿಂದ ಬಂದ ಮೊದಲ ವಾರಗಳು ತುಂಬಾ ಸೂಕ್ಷ್ಮ. ಮನೋವೈದ್ಯ ಜೆರೋಮ್ ಮೊಟೊ, ಆಸ್ಪತ್ರೆ ಬಿಟ್ಟ ಮೇಲೆ ಚಿಕಿತ್ಸೆ ಮುಂದುವರಿಸದ ಜನಕ್ಕೆ ವರ್ಷಗಟ್ಟಲೆ ಪುಟ್ಟ ಪತ್ರಗಳನ್ನ ಕಳಿಸಿದ್ರು. ಹೇಗಿದ್ದೀರಿ, ಅಷ್ಟೇ. ಪತ್ರ ಬಂದವರಲ್ಲಿ ಮೊದಲೆರಡು ವರ್ಷ ಸಾವು ಕಡಿಮೆಯಿತ್ತು.

ನಾನು ಪ್ರತಿ ಭಾನುವಾರ ಮೆಸೇಜ್ ಮಾಡ್ತೀನಿ: ನಾಯಿ ಹೇಗಿದೆ? ಅವನು ಫೋಟೊ ಕಳಿಸ್ತಾನೆ.